ಹೆದೆಯ ಮೇಲೆ ಮೂರು ಬೆರಳು

ಬಿಲ್ಲುವಿದ್ಯೆಯ ಮಾತು ಬಂದೊಡನೆ ನಮ್ಮೆಲ್ಲರ ನೆನಪಿಗೆ ಬರುವುದು ಅರ್ಜುನನ ಕಣ್ಣು. ಮರದ ಮೇಲೆ ಕೃತಕ ಹಕ್ಕಿಯೊಂದನ್ನಿರಿಸಿ ದ್ರೋಣಾಚಾರ್ಯರು ಶಿಷ್ಯರನ್ನು ಪರೀಕ್ಷಿಸಿದ ಕಥೆಯನ್ನು ಕೇಳದ ಮಕ್ಕಳಿಲ್ಲ. ಉಳಿದವರಿಗೆ ಮರವೂ ಕಂಡಿತು, ಗುರುಗಳೂ ಕಂಡರು, ಪಕ್ಕದಲ್ಲಿ ನಿಂತ ಸೋದರರೂ ಕಂಡರು. ಅರ್ಜುನನಿಗೆ ಹಕ್ಕಿಯ ತಲೆಯಲ್ಲದೆ ಬೇರೇನೂ ಕಾಣಿಸಲಿಲ್ಲ. ಅಂದಿನಿಂದ ಕೀರ್ತಿಯೆಲ್ಲ ಕಣ್ಣಿನ ಪಾಲಿಗೆ ಸಂದಿತು. ಆ ಗಳಿಗೆಯಲ್ಲಿ ಅರ್ಜುನನ ಬೆರಳುಗಳು ಏನು ಮಾಡುತ್ತಿದ್ದುವೆಂದು ಯಾರೂ ಕೇಳಲಿಲ್ಲ. ಕಣ್ಣು ಗುರಿಯನ್ನು ನೋಡಬಲ್ಲುದು. ಆದರೆ ಬಾಣವನ್ನು ಬಿಡಬೇಕಾದುದು ಬೆರಳು. ಬಿಲ್ಲುಗಾರರ ಮೈದಾನದಲ್ಲಿ ನಾಲ್ಕು ವರ್ಷ ನಿಂತು ನೋಡಿದ ಮೇಲೆ, ದಾರಿ ತಪ್ಪಿದ ಬಾಣಗಳಲ್ಲಿ ಹೆಚ್ಚಿನವು ಕಣ್ಣಿನ ದೋಷದಿಂದಲ್ಲ, ಬೆರಳಿನ ದೋಷದಿಂದ ತಪ್ಪುತ್ತವೆ ಎಂಬ ಅಭಿಪ್ರಾಯಕ್ಕೆ ನಾನು ಬಂದಿದ್ದೇನೆ.

ಬೆರಳನ್ನು ಮರೆಯದ ಕವಿಯೊಬ್ಬನುಂಟು. ವಾಲ್ಮೀಕಿ ಮಹರ್ಷಿಯು ಬಾಲಕಾಂಡದಲ್ಲಿ, ವಿಶ್ವಾಮಿತ್ರರ ಹಿಂದೆ ಹೊರಟ ರಾಮಲಕ್ಷ್ಮಣರನ್ನು ವರ್ಣಿಸುವಾಗ ಬಿಲ್ಲು, ಬತ್ತಳಿಕೆ, ಖಡ್ಗಗಳ ಜೊತೆಗೆ ಅವರು ತೊಟ್ಟಿದ್ದ ಗೋಧೆಯನ್ನೂ ಅಂಗುಲಿತ್ರಾಣವನ್ನೂ ಹೇಳುತ್ತಾನೆ. ಗೋಧೆ ಎಂದರೆ ಉಡ. ಉಡದ ಚರ್ಮದಿಂದ ಮಾಡಿದ ಕೈಗಾಪಿಗೆ ಅದೇ ಹೆಸರು ಬಂದಿತೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಅಂಗುಲಿತ್ರಾಣವೆಂದರೆ ಬೆರಳನ್ನು ಕಾಯುವ ಸಾಧನ. ಕನ್ನಡ ಉಪಾಧ್ಯಾಯನಾದ ನಾನು ಈ ಸಮಾಸವನ್ನು ಎಷ್ಟೋ ಬಾರಿ ಕಪ್ಪುಹಲಗೆಯ ಮೇಲೆ ಬಿಡಿಸಿ ಬರೆದಿದ್ದೇನೆ. ಹದಿನಾರು ತುಂಬದ ರಾಜಕುಮಾರರು ಕಾಡಿಗೆ ಹೊರಟಾಗ ಅವರ ಬೆರಳಿಗೆ ಏನಾದೀತೆಂದು ಚಿಂತಿಸಿದ ಆ ಕವಿಯ ಮೇಲೆ ನನಗೆ ವಿಶೇಷವಾದ ಗೌರವ.

ಪದದ ಅರ್ಥ ನಿಘಂಟಿನಿಂದ ತಿಳಿದಿದ್ದಿತು. ವಸ್ತು ಕಣ್ಣಿಗೆ ಬಿದ್ದುದು ಮಾತ್ರ ನನ್ನ ನಲವತ್ತೆರಡನೆಯ ವಯಸ್ಸಿನಲ್ಲಿ, ನಮ್ಮೂರ ಕ್ರೀಡಾಂಗಣದ ಒಂದು ಮೂಲೆಯಲ್ಲಿ. ಶಾಲೆ ಬಿಟ್ಟ ಮೇಲೆ ಹತ್ತಾರು ಮಕ್ಕಳು ಅಲ್ಲಿ ಬಿಲ್ಲುಗಾರಿಕೆಯನ್ನು ಕಲಿಯುತ್ತಿದ್ದರು. ನನ್ನ ತರಗತಿಯ ಹುಡುಗಿಯೊಬ್ಬಳೂ ಅವರಲ್ಲಿದ್ದುದರಿಂದ ಒಂದು ಸಂಜೆ ನೋಡಲೆಂದು ಹೋದೆ. ಸುಮ್ಮನೆ ನಿಂತಿದ್ದವನ ಕೈಗೆ ತರಬೇತುದಾರರು ಹಗುರವಾದ ಬಿಲ್ಲೊಂದನ್ನೂ ಅಂಗೈಗಿಂತ ಚಿಕ್ಕದಾದ ತೊಗಲಿನ ತುಂಡೊಂದನ್ನೂ ಕೊಟ್ಟರು. "ಇದು ಟ್ಯಾಬ್, ಮೇಷ್ಟ್ರೇ. ಇದನ್ನು ಹಾಕಿಕೊಳ್ಳದೆ ಹೆದೆಯನ್ನು ಮುಟ್ಟಬೇಡಿ" ಎಂದರು. ನಾನು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಅಂಗುಲಿತ್ರಾಣ!" ಎಂದೆ. ಅವರು ನನಗೇನೋ ಆಯಿತೆಂಬಂತೆ ನನ್ನ ಮುಖವನ್ನು ನೋಡಿದರು.

ಆ ತುಂಡಿನ ರಚನೆ ಸರಳವಾದುದು. ಹೆದೆಗೆ ತಾಗುವ ಮುಖದಲ್ಲಿ ನುಣುಪಾದ ಗಟ್ಟಿ ತೊಗಲು, ಅದರ ಹಿಂದೆ ಮೆತ್ತನೆಯ ಒಂದು ಪದರ, ನಡುಬೆರಳನ್ನು ತೂರಿಸಲು ಒಂದು ಕುಣಿಕೆ. ಬಾಣದ ಬುಡ ಬಂದು ಕೂಡುವ ಜಾಗದಲ್ಲಿ ಒಂದು ಸೀಳು; ಆ ಸೀಳಿನ ಹಿಂದೆ, ತೋರುಬೆರಳು ನಡುಬೆರಳುಗಳ ನಡುವೆ ಬರುವಂತೆ ಗಟ್ಟಿಯಾದ ಒಂದು ಬಿಲ್ಲೆ. ಈ ಬಿಲ್ಲೆಯನ್ನು ಸ್ಪೇಸರ್ ಎನ್ನುತ್ತಾರೆ. ಬೆಲೆಬಾಳುವ ಟ್ಯಾಬುಗಳಲ್ಲಿ ಕುದುರೆಯ ಹಿಂಭಾಗದ ಚರ್ಮವನ್ನು ಹದಮಾಡಿದ ಕಾರ್ಡೊವನ್ ಎಂಬ ತೊಗಲನ್ನು ಬಳಸುತ್ತಾರೆ. ಅಂಗೈಯ ಕಡೆಗೆ ಲೋಹದ ತಗಡೂ ಇರುತ್ತದೆ. ಹೊಸ ತೊಗಲು ಒಡನೆಯೇ ಕೈಗೆ ಒಗ್ಗುವುದಿಲ್ಲ. ನೂರಾರು ಬಾಣಗಳನ್ನು ಬಿಟ್ಟ ಮೇಲೆ ಹೆದೆಯ ಗೆರೆ ಅದರ ಮೇಲೆ ಮೂಡಿ, ಬೆರಳಿನ ಮಡಿಕೆಗೆ ತಕ್ಕಂತೆ ಅದು ಬಾಗುತ್ತದೆ. ಆದುದರಿಂದ ಅನುಭವಿಗಳು ಪಳಗಿದ ಎರಡನೆಯ ಟ್ಯಾಬೊಂದನ್ನು ಸದಾ ಚೀಲದಲ್ಲಿ ಇಟ್ಟುಕೊಂಡಿರುತ್ತಾರೆ.

ಇಷ್ಟೊಂದು ಕಾಪು ಏತಕ್ಕೆ? ಒಲಿಂಪಿಕ್ ಕ್ರೀಡೆಯಲ್ಲಿ ಪುರುಷರು ಬಳಸುವ ಬಿಲ್ಲನ್ನು ಪೂರ್ತಿಯಾಗಿ ಸೆಳೆದಾಗ ಬೆರಳಿನ ಮೇಲೆ ಬೀಳುವ ಭಾರ ಸುಮಾರು 20 ಕಿಲೋಗ್ರಾಂ. ಅಷ್ಟು ಭಾರವನ್ನು ಹೊರುವುದು ತೆಳುವಾದ ಒಂದು ದಾರ; ಆ ದಾರವನ್ನು ಹಿಡಿಯುವುದು ಮೂರು ಬೆರಳು. ಬಾಣಕ್ಕಿಂತ ಮೇಲೆ ತೋರುಬೆರಳು, ಕೆಳಗೆ ನಡುಬೆರಳು ಮತ್ತು ಉಂಗುರಬೆರಳು. ಹೆಬ್ಬೆರಳೂ ಕಿರುಬೆರಳೂ ಈ ಕೆಲಸಕ್ಕೆ ಬರುವುದಿಲ್ಲ. ಅವು ಅಂಗೈಯೊಳಗೆ ಮಡಿಚಿಕೊಂಡು, ಮನೆಯಲ್ಲಿ ದೊಡ್ಡವರು ಮಾತನಾಡುವಾಗ ಮೂಲೆಯಲ್ಲಿ ಕುಳಿತ ಮಕ್ಕಳಂತೆ ಸುಮ್ಮನಿರಬೇಕು.

ಹೊಸಬರೆಲ್ಲರೂ ಹೆದೆಯನ್ನು ಬೆರಳ ತುದಿಯಲ್ಲಿ ಹಿಡಿಯಲು ಬಯಸುತ್ತಾರೆ. ತುದಿಯಲ್ಲಿ ಹಿಡಿದರೆ ಬೇಗ ಬಿಡಬಹುದೆಂಬುದು ಅವರ ಲೆಕ್ಕ. ಆದರೆ ತುದಿಯಲ್ಲಿ ಹಿಡಿದುದು ಜಾರದಂತೆ ಮುಂಗೈಯ ಸ್ನಾಯುಗಳೆಲ್ಲ ಬಿಗಿಯಬೇಕಾಗುತ್ತದೆ. ಬಿಗಿದ ಕೈ ನಡುಗುತ್ತದೆ. ನಮ್ಮ ತರಬೇತುದಾರರು ಇದನ್ನು ಮಾತಿನಲ್ಲಿ ವಿವರಿಸಲು ಹೋಗಲಿಲ್ಲ. ನೀರು ತುಂಬಿದ ಬಕೆಟ್ಟೊಂದನ್ನು ತರಿಸಿ, ಮಕ್ಕಳ ಕೈಯಲ್ಲಿ ಎತ್ತಿಸಿದರು. ಬಕೆಟ್ಟಿನ ಹಿಡಿಯನ್ನು ಯಾರೂ ಬೆರಳ ತುದಿಯಿಂದ ಚಿವುಟಿ ಎತ್ತುವುದಿಲ್ಲ. ಮುಷ್ಟಿ ಬಿಗಿದೂ ಎತ್ತುವುದಿಲ್ಲ. ಬೆರಳುಗಳು ಕೊಕ್ಕೆಯಾಗುತ್ತವೆ, ಮಣಿಕಟ್ಟು ಸಡಿಲವಾಗಿ ಜೋಲುತ್ತದೆ, ಭಾರವನ್ನು ತೋಳೂ ಭುಜವೂ ಹೊರುತ್ತವೆ. ಹೆದೆಯನ್ನೂ ಹಾಗೆಯೇ ಬೆರಳಿನ ಮೊದಲ ಗೆಣ್ಣಿನ ಮಡಿಕೆಯಲ್ಲಿ ಕೂಡಿಸಿ, ಕೈಯ ಹಿಂಭಾಗವನ್ನು ಚಪ್ಪಟೆಯಾಗಿಟ್ಟು, ಬೆನ್ನಿನ ಬಲದಿಂದ ಸೆಳೆಯಬೇಕು. ಭಾರದ ದೊಡ್ಡ ಪಾಲು ನಡುಬೆರಳಿನದು. ತೋರುಬೆರಳು ಅದಕ್ಕೆ ನೆರವಾಗುತ್ತದೆ. ಉಂಗುರಬೆರಳು ಎಲ್ಲಕ್ಕಿಂತ ಕಡಿಮೆ ಹೊರುತ್ತದೆ; ಆದರೆ ದಣಿದಾಗ ಮೊದಲು ಜಾರಿಕೊಳ್ಳುವುದೂ ಅದೇ, ಅದು ಜಾರಿದ ದಿನ ಬಾಣಗಳು ಮೇಲೆ ಕೆಳಗೆ ಚದರುವುದೂ ನಿಶ್ಚಯ.

ಇನ್ನು ಬೆರಳುಗಳ ನಡುವಣ ಅಂತರದ ವಿಷಯ. ಸೆಳೆಯುವುದಕ್ಕೆ ಮೊದಲು ಹೆದೆ ನೇರವಾಗಿರುತ್ತದೆ. ಸೆಳೆದಂತೆಲ್ಲ ಅದು ಬೆರಳಿನ ಬಳಿ ಮುರಿದು ಕೋನವಾಗುತ್ತದೆ. ಒಂದು ದಾರವನ್ನು ಬಾಗಿಲ ಚಿಲಕಕ್ಕೂ ಕಿಟಕಿಯ ಸರಳಿಗೂ ಕಟ್ಟಿ, ಮಧ್ಯದಲ್ಲಿ ಎರಡು ಬೆರಳಿಟ್ಟು ಎಳೆದು ನೋಡಿ. ಬೆರಳುಗಳು ತಾವಾಗಿಯೇ ಒಂದನ್ನೊಂದು ಒತ್ತುವುದು ನಿಮಗೆ ತಿಳಿಯುತ್ತದೆ. ಬಿಲ್ಲು ಗಿಡ್ಡವಾದಷ್ಟೂ ಕೋನ ಕಿರಿದಾಗಿ ಒತ್ತಡ ಹೆಚ್ಚುತ್ತದೆ. ಆ ಎರಡು ಬೆರಳುಗಳ ನಡುವೆ ಇರುವುದು ಬಾಣದ ಬುಡ. ಬೆರಳುಗಳು ಅದನ್ನು ಹಿಂಡಿದರೆ ಬಾಣದ ಮುಂತುದಿ ತನ್ನ ಆಸರೆಯಿಂದ ಮೇಲೆದ್ದು ಬಿಡುತ್ತದೆ. ಇಲ್ಲವೇ ಬಾಣವು ಬಾಗಿಯೇ ಹೊರಡುತ್ತದೆ. ಇದನ್ನು ತಪ್ಪಿಸಲೆಂದೇ ಆ ಪುಟ್ಟ ಬಿಲ್ಲೆ ಇರುವುದು. ಅದು ಎರಡು ಬೆರಳುಗಳನ್ನು ಬಾಣದಿಂದ ಕೊಂಚ ದೂರದಲ್ಲಿ ನಿಲ್ಲಿಸುತ್ತದೆ. ಬಾಣವನ್ನು ಹಿಡಿಯುವುದು ಹೆದೆಯೇ ಹೊರತು ಬೆರಳಲ್ಲ ಎಂಬ ಮಾತು ಮೊದಲು ಕೇಳಿದಾಗ ನನಗೆ ವಿಚಿತ್ರವೆನಿಸಿತು. ಆದರೆ ನಿಜಸ್ಥಿತಿ ಅದೇ. ಬಿಲ್ಲುಗಾರನು ಬಾಣವನ್ನು ಮುಟ್ಟುವುದು ಅದನ್ನು ಹೂಡುವಾಗ ಮಾತ್ರ.

ಮಹಾಭಾರತದ ಒಂದು ಪ್ರಸಂಗ ನನಗೆ ಪೂರ್ತಿಯಾಗಿ ಅರ್ಥವಾದುದೂ ಇದೇ ಮೈದಾನದಲ್ಲಿ. ಏಕಲವ್ಯನು ಬಲಗೈಯ ಹೆಬ್ಬೆರಳನ್ನು ಗುರುದಕ್ಷಿಣೆಯಾಗಿ ಕೊಟ್ಟುದನ್ನು ಎಲ್ಲರೂ ಬಲ್ಲರು. ಅದರ ಮುಂದಿನ ಮಾತನ್ನು ಬಲ್ಲವರು ಕಡಿಮೆ. ಬಳಿಕ ಅವನು ಉಳಿದ ಬೆರಳುಗಳಿಂದಲೇ ಹೆದೆಯನ್ನು ಸೆಳೆದನು, ಆದರೆ ಮೊದಲಿನಷ್ಟು ವೇಗವಿರಲಿಲ್ಲ ಎಂದು ವ್ಯಾಸರು ಹೇಳುತ್ತಾರೆ. ಹಾಗಾದರೆ ಆ ಕಾಲದ ನಮ್ಮ ಬಿಲ್ಲುಗಾರರಿಗೆ ಹೆಬ್ಬೆರಳೇ ಮುಖ್ಯವಾಗಿದ್ದಿರಬೇಕು.

ಬಾಣ ಬಿಡುವ ಬಗೆಗಳನ್ನು ಕ್ರಮವಾಗಿ ವಿಂಗಡಿಸಿದವನು ಎಡ್ವರ್ಡ್ ಮೋರ್ಸ್ ಎಂಬ ಅಮೆರಿಕದ ಪ್ರಾಣಿಶಾಸ್ತ್ರಜ್ಞ. ಜಪಾನಿನಲ್ಲಿ ಅಧ್ಯಾಪಕನಾಗಿದ್ದ ಅವನು 1885ರಲ್ಲಿ ಈ ವಿಷಯವಾಗಿ ಒಂದು ಪ್ರಬಂಧವನ್ನು ಪ್ರಕಟಿಸಿದನು. ಬಾಣದ ಬುಡವನ್ನು ಹೆಬ್ಬೆರಳು ತೋರುಬೆರಳುಗಳಿಂದ ಚಿವುಟಿ ಹಿಡಿಯುವುದು, ಮಕ್ಕಳೆಲ್ಲ ತಾವಾಗಿ ಮಾಡುವಂಥದು, ಮೊದಲ ಬಗೆ. ಬೆರಳುಗಳನ್ನು ಹೆದೆಗೆ ಕೊಕ್ಕೆಯಾಗಿಸುವುದನ್ನು ಮೆಡಿಟರೇನಿಯನ್ ಪದ್ಧತಿ ಎಂದನು. ಹೆಬ್ಬೆರಳನ್ನೇ ಕೊಕ್ಕೆ ಮಾಡಿ ತೋರುಬೆರಳಿನಿಂದ ಅದನ್ನು ಅದುಮಿ ಹಿಡಿಯುವುದನ್ನು ಮಂಗೋಲಿಯನ್ ಪದ್ಧತಿ ಎಂದನು. ತುರ್ಕರು, ಪಾರಸಿಕರು, ಮೊಗಲರು, ಚೀನೀಯರು, ಕೊರಿಯನ್ನರು ಎಲ್ಲರೂ ಹೆಬ್ಬೆರಳಿನವರು. ಅವರ ಅಂಗುಲಿತ್ರಾಣ ಕೊಂಬಿನ, ಮೂಳೆಯ, ಕಲ್ಲಿನ ಉಂಗುರ. ಮೊಗಲ್ ದೊರೆಗಳು ಅದನ್ನು ಹಸಿರುಕಲ್ಲಿನಲ್ಲಿ ಮಾಡಿಸಿ ಕೆಂಪು ಹರಳುಗಳನ್ನು ಕೂಡಿಸಿಕೊಳ್ಳುತ್ತಿದ್ದರು. ಜಪಾನೀಯರು ಹೆಬ್ಬೆರಳಿನ ಭಾಗವನ್ನು ಗಟ್ಟಿಗೊಳಿಸಿದ ತೊಗಲಿನ ಕೈಗವಸನ್ನು ಇಂದಿಗೂ ಬಳಸುತ್ತಾರೆ. ಬಲಗೈಯಿಂದ ಸೆಳೆಯುವ ಹೆಬ್ಬೆರಳಿನವರು ಬಾಣವನ್ನು ಬಿಲ್ಲಿನ ಬಲಬದಿಗೆ ಇಡುತ್ತಾರೆ. ಮೂರು ಬೆರಳಿನವರು ಎಡಬದಿಗೆ. ಇಂಗ್ಲೆಂಡಿನಲ್ಲಿ ರೋಜರ್ ಆಸ್ಕಂ ಎಂಬ ವಿದ್ವಾಂಸನು 1545ರಲ್ಲಿ ಬಿಲ್ಲುಗಾರಿಕೆಯನ್ನು ಕುರಿತು ಒಂದು ಗ್ರಂಥವನ್ನೇ ಬರೆದು, ಅದರಲ್ಲಿ ಬೆರಳುಗಳನ್ನು ಕಾಯುವ ಕೈಗವಸಿನ ವಿಚಾರವನ್ನೂ ಹೇಳಿದ್ದಾನೆ.

ಒಲಿಂಪಿಕ್ ಮೈದಾನಕ್ಕೆ ಬಂದುದು ಈ ಮೂರು ಬೆರಳಿನ ಪದ್ಧತಿ. ಎಂದರೆ, ಇಂದು ಜಗತ್ತಿನ ಶ್ರೇಷ್ಠ ಬಿಲ್ಲುಗಾರರು ಹೆದೆಯನ್ನು ಸೆಳೆಯುವುದು ಹೆಬ್ಬೆರಳಿನ ನೆರವಿಲ್ಲದೆಯೇ. ಇದನ್ನು ನಾನು ತರಗತಿಯಲ್ಲಿ ಹೇಳಿದಾಗ ಆ ಹುಡುಗಿ ಎದ್ದುನಿಂತು, "ಹಾಗಾದರೆ ಏಕಲವ್ಯ ಈಗ ಇದ್ದಿದ್ದರೆ ಪದಕ ಗೆಲ್ಲುತ್ತಿದ್ದ ಅಲ್ಲವೇ ಸಾರ್?" ಎಂದಳು. "ಗೆಲ್ಲುತ್ತಿದ್ದನೇನೋ ಅಮ್ಮ. ಆದರೆ ಅದರಿಂದ ದ್ರೋಣರ ಲೆಕ್ಕ ಚುಕ್ತವಾಗುವುದಿಲ್ಲ" ಎಂದೆ. ಕೈಗಳೇ ಇಲ್ಲದೆ ಹುಟ್ಟಿದ ಜಮ್ಮು ಕಾಶ್ಮೀರದ ಶೀತಲ್ ದೇವಿ ಬಿಲ್ಲನ್ನು ಕಾಲಿನಿಂದ ಹಿಡಿದು, ಹೆದೆಯನ್ನು ಭುಜಕ್ಕೆ ಕಟ್ಟಿದ ಸಾಧನದಿಂದ ಸೆಳೆದು, 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸಿನಲ್ಲಿ ರಾಕೇಶ್ ಕುಮಾರರೊಡನೆ ಕಂಚಿನ ಪದಕವನ್ನು ಪಡೆದಾಗ ಅವಳಿಗೆ ಹದಿನೇಳು ವರ್ಷ. ಬೆರಳಿನ ಮಾತನ್ನೇ ಆಡುತ್ತಿರುವ ನಾನು ಇದನ್ನೂ ಹೇಳಬೇಕಾದುದು ನ್ಯಾಯ.

ನನ್ನ ತರಗತಿಯ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಅವಳ ತಂದೆ ಮಾರುಕಟ್ಟೆಯ ಅಂಗಳದಲ್ಲಿ ಹಮಾಲಿ. ಬಿಲ್ಲು ಕ್ರೀಡಾಂಗಣದ್ದು; ಟ್ಯಾಬ್ ಮಾತ್ರ ಯಾರೋ ದೊಡ್ಡ ಹುಡುಗ ಬಳಸಿ ಬಿಟ್ಟದ್ದು. ಅದು ಅವಳ ಕೈಗೆ ಅಗಲವಾಗಿದ್ದಿತು, ತೊಗಲು ಸವೆದಿದ್ದಿತು, ನಡುವಿನ ಬಿಲ್ಲೆ ಎಂದೋ ಬಿದ್ದುಹೋಗಿದ್ದಿತು. ಬೆರಳು ಬಾಣವನ್ನು ಹಿಂಡುವುದೆಂದು ಹೆದರಿ ಅವಳು ಹೆದೆಯನ್ನು ತುದಿಬೆರಳಿಗೆ ತಂದುಕೊಂಡಿದ್ದಳು. ಮೊದಲು ಗುಳ್ಳೆಗಳೆದ್ದುವು, ಗುಳ್ಳೆ ಒಣಗಿ ಜಡ್ಡುಗಟ್ಟಿತು. ರಾಜ್ಯಮಟ್ಟದ ಆಯ್ಕೆಗೆ ಮೂರು ವಾರವಿರುವಾಗ ಅವಳ ಕನ್ನಡ ಬರವಣಿಗೆಯ ಪುಸ್ತಕವನ್ನು ತಿದ್ದುತ್ತಿದ್ದ ನನಗೆ ಅಕ್ಷರಗಳು ಕೆಟ್ಟಿರುವುದು ಕಂಡಿತು. ಒತ್ತಕ್ಷರಗಳು ಗೆರೆಯಿಂದ ಹೊರಬಿದ್ದಿದ್ದುವು. ಕರೆದು ಕೇಳಿದೆ. "ನಡುಬೆರಳ ತುದಿ ಜೋಮು ಹಿಡಿದ ಹಾಗಿರುತ್ತೆ ಸಾರ್. ಪೆನ್ನು ಮುಟ್ಟಿದ್ದು ಗೊತ್ತಾಗೋದಿಲ್ಲ. ತರಬೇತಿಯವರಿಗೆ ಹೇಳಬೇಡಿ, ಬಿಡಿಸಿಬಿಡುತ್ತಾರೆ" ಎಂದಳು.

ಹೇಳದೆ ಇರಲು ಸಾಧ್ಯವಿರಲಿಲ್ಲ. ಅದೇ ಸಂಜೆ ಹೇಳಿದೆ. ತರಬೇತುದಾರರು ಗದರಿಸಲಿಲ್ಲ. ಬೆರಳನ್ನು ಒತ್ತಿ ನೋಡಿ, ವೈದ್ಯರಿಗೆ ತೋರಿಸಲು ಹೇಳಿ, ಒಂದು ವಾರ ಬಿಲ್ಲು ಮುಟ್ಟಕೂಡದೆಂದು ವಿಧಿಸಿದರು. "ನರ ಕೆಟ್ಟರೆ ಪದಕ ಕೊಟ್ಟರೂ ಸರಿಹೋಗುವುದಿಲ್ಲಮ್ಮ. ಬ್ರೇಡಿ ಎಲಿಸನ್ ಕಥೆ ಕೇಳಿದ್ದೀಯಾ?" ಎಂದು ಆ ಅಮೆರಿಕನ್ ಬಿಲ್ಲುಗಾರನ ವೃತ್ತಾಂತವನ್ನು ಹೇಳಿದರು. ಒಲಿಂಪಿಕ್ ಪದಕಗಳನ್ನು ಗೆದ್ದಿದ್ದ ಎಲಿಸನ್ 2018ರ ಸುಮಾರಿಗೆ ಹೆದೆ ಸೆಳೆಯುವ ಬೆರಳಿನ ನೋವಿನಿಂದ ಆಟವನ್ನೇ ಬಿಟ್ಟುಬಿಡುವ ಯೋಚನೆ ಮಾಡಿದ್ದನಂತೆ. ಚೇತರಿಸಿಕೊಂಡು ಬಂದು 2019ರಲ್ಲಿ ವಿಶ್ವವಿಜೇತನಾದನು. ಅದೇ ವರ್ಷ 72 ಬಾಣಗಳಲ್ಲಿ 702 ಅಂಕಗಳನ್ನು ಪಡೆದು ಅಂದಿನ ವಿಶ್ವದಾಖಲೆಯನ್ನು ಸ್ಥಾಪಿಸಿದನು. ಹುಡುಗಿ ಕೇಳಿದುದು ಒಂದೇ ಪ್ರಶ್ನೆ: "ಅವನ ಟ್ಯಾಬ್ ಹೇಗಿತ್ತು ಸಾರ್?"

ಪ್ರಶ್ನೆ ಸರಿಯಾದುದೇ. ವಿದೇಶದ ಒಳ್ಳೆಯ ಟ್ಯಾಬಿನ ಬೆಲೆ ಅವಳ ತಂದೆಯ ಎಷ್ಟೋ ದಿನಗಳ ಕೂಲಿ. ನಾನು ಕೊಡಿಸುತ್ತೇನೆಂದರೆ ಆ ಮನುಷ್ಯ ಒಪ್ಪಲಿಲ್ಲ. ಕೊನೆಗೆ ನಾವಿಬ್ಬರೂ ಹೋದುದು ಬಸ್ ನಿಲ್ದಾಣದ ಬಳಿ ಹೊಂಗೆಮರದ ನೆರಳಿನಲ್ಲಿ ಚಪ್ಪಲಿ ಹೊಲಿಯುವ ಅಜ್ಜನ ಹತ್ತಿರಕ್ಕೆ.

ಅಜ್ಜನು ಹಳೆಯ ಟ್ಯಾಬನ್ನು ಮೂಸಿ ನೋಡಿದನು, ಬಾಗಿಸಿ ನೋಡಿದನು. "ಇದು ಏನು ಮಾಡುತ್ತೆ ಅನ್ನೋದು ಗೊತ್ತಾಗದೆ ನಾನು ಕತ್ತರಿ ಹಾಕೋನಲ್ಲ" ಎಂದು ಮೇಣ ಉಜ್ಜಿದ ತನ್ನ ದಾರದ ಒಂದು ತುದಿಯನ್ನು ಕಾಲಿನಲ್ಲಿ ಮೆಟ್ಟಿ, ಇನ್ನೊಂದು ತುದಿಯನ್ನು ಕೈಯಲ್ಲಿ ಬಿಗಿಹಿಡಿದು, "ಎಳಿ ಮಗಾ, ಬಿಲ್ಲು ಎಳೆದ ಹಾಗೆ" ಎಂದನು. ಅವಳು ಮೂರು ಬೆರಳಿಟ್ಟು ಸೆಳೆದಳು. ದಾರ ಕೋನವಾಯಿತು, ತೋರುಬೆರಳೂ ನಡುಬೆರಳೂ ಒತ್ತಿಕೊಂಡುವು. ಅಜ್ಜನು ಬಗ್ಗಿ ಆ ಸಂದನ್ನು ನೋಡಿದನು. ಮೆಡಿಟರೇನಿಯನ್ ಪದ್ಧತಿಯೂ ಮೋರ್ಸನ ಪ್ರಬಂಧವೂ ತಿಳಿಯದ ಅವನಿಗೆ ತಿಳಿಯಬೇಕಾದುದೆಲ್ಲ ಅರೆಗಳಿಗೆಯಲ್ಲಿ ತಿಳಿಯಿತು. ರಟ್ಟಿನ ಮೇಲೆ ಅವಳ ಕೈಯನ್ನಿರಿಸಿ ಮೂರು ಬೆರಳುಗಳ ಅಂಚನ್ನು ಸೀಸದಕಡ್ಡಿಯಿಂದ ಬರೆದುಕೊಂಡನು. ನುಣುಪಾದ ತೊಗಲನ್ನು ಆರಿಸಿ ಕತ್ತರಿಸಿದನು. ಬಿಲ್ಲೆಗೆ ಹಳೆಯ ಹವಾಯಿ ಚಪ್ಪಲಿಯ ಅಟ್ಟೆಯಿಂದ ಒಂದು ತುಂಡನ್ನು ತೆಗೆದು ಅಂಟಿಸಿ ಹೊಲಿದನು. "ಇಷ್ಟು ವರ್ಷ ಕಾಲಿನ ಉಂಗುಷ್ಠ ಹೊಲಿದೆ, ಈಗ ಕೈಬೆರಳಿನ ಪಾಳಿ" ಎಂದು ನಕ್ಕನು. ಆ ಮೊದಲ ಬಿಲ್ಲೆ ದಪ್ಪವಾಯಿತು. ಮೈದಾನದಲ್ಲಿ ನೋಡಿದರೆ ಬೆರಳುಗಳು ಅಗಲಿಸಿ ತೋರುಬೆರಳು ಹೆದೆಯಿಂದ ಜಾರುತ್ತಿದ್ದಿತು. ಮರುದಿನ ಅಜ್ಜನು ರಂಪಿಗೆಯಿಂದ ಅದನ್ನು ಎರಡು ಬಾರಿ ಹೆರೆದು ತೆಳುವಾಗಿಸಿದನು. ಆ ಎರಡು ಹೆರೆತದಲ್ಲಿ ಹೋದುದು ಒಂದು ಜೋಳದ ಕಾಳಿನಷ್ಟು ರಬ್ಬರು.

ಜೋಳದ ಕಾಳಿನಷ್ಟೆಂದು ಹಗುರವಾಗಿ ಎಣಿಸಬಾರದು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಪುರುಷರ ಅಂತಿಮ ಸ್ಪರ್ಧೆ ಇದೇ ಎಲಿಸನ್ನನಿಗೂ ದಕ್ಷಿಣ ಕೊರಿಯದ ಕಿಮ್ ವೂಜಿನ್‌ನಿಗೂ ನಡುವೆ ನಡೆಯಿತು. ಇಬ್ಬರೂ ಸಮನಾದುದರಿಂದ ಒಂದೊಂದು ಬಾಣದ ನಿರ್ಣಯಕ್ಕೆ ನಿಂತರು. 70 ಮೀಟರ್ ದೂರ. 122 ಸೆಂಟಿಮೀಟರ್ ಅಗಲದ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತ 12.2 ಸೆಂಟಿಮೀಟರ್. ಇಬ್ಬರ ಬಾಣಗಳೂ ಹತ್ತರೊಳಗೇ ನೆಟ್ಟುವು. ಅಳೆದು ನೋಡಿದಾಗ ಕಿಮ್‌ನ ಬಾಣ ನಡುಬಿಂದುವಿಗೆ 4.9 ಮಿಲಿಮೀಟರಿನಷ್ಟು ಹತ್ತಿರವಿದ್ದಿತು. ಚಿನ್ನಕ್ಕೂ ಬೆಳ್ಳಿಗೂ ಇದ್ದ ಅಂತರ ಅಷ್ಟೇ.

ಒಂದು ವಾರದ ವಿಶ್ರಾಂತಿಯಲ್ಲಿ ಅವಳ ಬೆರಳಿನ ಜೋಮು ಇಳಿಯಿತು. ಆಮೇಲೆ ಹಗುರವಾದ ಬಿಲ್ಲಿನಿಂದ ಗೆಣ್ಣಿನ ಹಿಡಿತವನ್ನು ಮೊದಲಿನಿಂದ ಕಲಿತಳು. ತುದಿಯಲ್ಲಿ ಹಿಡಿದು ರೂಢಿಯಾದವರಿಗೆ ಗೆಣ್ಣಿನಲ್ಲಿ ಹಿಡಿದ ಹೆದೆ ಎಂದಿಗೂ ಬಿಡದೇನೋ ಎಂಬ ಭಯವಿರುತ್ತದೆ. ಬೆರಳನ್ನು ಫಕ್ಕನೆ ಬಿಚ್ಚಲು ಹೋಗುತ್ತಾರೆ. ತರಬೇತುದಾರರು ಅವಳ ಹಿಂದೆ ನಿಂತು ಮತ್ತೆ ಮತ್ತೆ ಹೇಳಿದ ಮಾತು ಒಂದೇ: "ಬಿಚ್ಚಬೇಡಮ್ಮ, ಸುಮ್ಮನಾಗು. ದಾರಿಯನ್ನು ಹೆದೆಯೇ ಮಾಡಿಕೊಳ್ಳುತ್ತದೆ." ಎಷ್ಟು ಬೇಗ ಬಿಚ್ಚಿದರೂ ಬೆರಳು ಹೆದೆಯಷ್ಟು ಬೇಗ ಚಲಿಸಲಾರದು. ಬೆರಳು ಬಿಗಿತವನ್ನು ಕಳೆದುಕೊಂಡ ಕ್ಷಣ ಹೆದೆ ಅದನ್ನು ಪಕ್ಕಕ್ಕೆ ತಳ್ಳಿ ಜಾರಿಹೋಗುತ್ತದೆ. ಹಾಗೆ ಜಾರುವಾಗ ಹೆದೆ ಒಂದಿಷ್ಟು ಎಡಕ್ಕೆ ಸರಿಯುವುದರಿಂದ ಬಾಣ ನೇರವಾಗಿ ಹೋಗುವುದಿಲ್ಲ. ಮೀನಿನಂತೆ ಆಚೆಗೊಮ್ಮೆ ಈಚೆಗೊಮ್ಮೆ ಬಳುಕುತ್ತ ಬಿಲ್ಲನ್ನು ದಾಟುತ್ತದೆ. ಅತಿವೇಗದ ಕ್ಯಾಮರಾಗಳಲ್ಲಿ ಇದನ್ನು ಸ್ಪಷ್ಟವಾಗಿ ನೋಡಬಹುದು. ತೊಗಲು ನುಣುಪಾಗಿದ್ದು ಪ್ರತಿಬಾರಿಯೂ ಒಂದೇ ರೀತಿ ಜಾರಿದರೆ ಬಳುಕೂ ಒಂದೇ ರೀತಿ ಇರುತ್ತದೆ, ಬಾಣಗಳು ಒಂದೆಡೆ ಸೇರುತ್ತವೆ.

ಆಯ್ಕೆಯ ದಿನ ಅವಳು 28 ಪೌಂಡಿನ ಬಿಲ್ಲಿನಿಂದ 72 ಬಾಣಗಳನ್ನು ಬಿಟ್ಟಳು. 28 ಪೌಂಡು ಎಂದರೆ ಸುಮಾರು 12.7 ಕಿಲೋ. ಊಟದ ಹೊತ್ತಿನಲ್ಲಿ ನಾನು ಲೆಕ್ಕಹಾಕಿ, "ಮುಗಿಯುವ ಹೊತ್ತಿಗೆ ಮೂರು ಬೆರಳಿನಲ್ಲಿ ಒಂಬತ್ತು ಕ್ವಿಂಟಲಿಗೂ ಹೆಚ್ಚು ಎಳೆದಿರುತ್ತೀಯಮ್ಮ" ಎಂದೆ. "ನಮ್ಮಪ್ಪ ಅಷ್ಟನ್ನು ಬೆಳಿಗ್ಗೆ ಹನ್ನೊಂದರೊಳಗೆ ಹೊತ್ತುಬಿಡುತ್ತಾರೆ ಸಾರ್" ಎಂದು ಮೊಸರನ್ನದ ಡಬ್ಬಿಯನ್ನು ಎಡಗೈಯಿಂದ ಮುಚ್ಚಿದಳು. ಕೊನೆಯ ಆರು ಬಾಣಗಳ ಹೊತ್ತಿಗೆ ಅವಳ ಉಂಗುರಬೆರಳು ಜಾರತೊಡಗಿದ್ದು ನನಗೂ ಕಂಡಿತು. ಆ ವರ್ಷದ ಪಟ್ಟಿಯಲ್ಲಿ ಅವಳ ಹೆಸರು ಬರಲಿಲ್ಲ. ಮರುವರ್ಷ ಬಂದಿತು. ಎರಡು ಬಾರಿಯೂ ಕೈಯಲ್ಲಿದ್ದುದು ಅದೇ ಟ್ಯಾಬ್. ತೊಗಲಿನ ಮುಖವನ್ನು ಮಾತ್ರ ನಡುವೆ ಒಮ್ಮೆ ಬದಲಿಸಿದ್ದರು.

ಹೊಂಗೆಮರದ ಅಜ್ಜನ ಪೆಟ್ಟಿಗೆಯಲ್ಲಿ ಈಗ ರಟ್ಟಿನ ಮೂರು ಅಚ್ಚುಗಳಿವೆ: ಚಿಕ್ಕದು, ನಡುವಿನದು, ದೊಡ್ಡದು. ಹೊಸ ಮಕ್ಕಳು ಬಂದರೆ ಅವನು ಮೊದಲು ಅಚ್ಚನ್ನು ತೆಗೆಯುವುದಿಲ್ಲ. ಮೇಣದ ದಾರವನ್ನು ಕಾಲಿನಲ್ಲಿ ಮೆಟ್ಟಿ, "ಎಳಿ ಮಗಾ, ನೋಡೋಣ" ಎನ್ನುತ್ತಾನೆ.